ಸಣ್ಣ ಎಂಜಿನುಗಳ ಕಾರ್ಬ್ಯುರೇಟರು: ದೋಷಗಳನ್ನು ಕಂಡುಹಿಡಿದು ಸರಿಪಡಿಸುವ ಕ್ರಮ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ರೈತರ ಮನೆಗಳಲ್ಲಿ ನೇಗಿಲು, ಕುಂಟೆ, ಕುಡುಗೋಲುಗಳ ಜೊತೆಗೆ ಪೆಟ್ರೋಲಿನಿಂದ ನಡೆಯುವ ಒಂದೆರಡು ಸಣ್ಣ ಎಂಜಿನುಗಳೂ ಈಗ ಸೇರಿಕೊಂಡಿರುವುವು. ಮಾವಿನ ತೋಪಿಗೆ ಔಷಧಿ ಹೊಡೆಯುವ ಯಂತ್ರ, ಹಿಪ್ಪುನೇರಳೆ ಸಾಲುಗಳ ನಡುವೆ ಕಳೆ ತೆಗೆಯುವ ಪವರ್ ವೀಡರು, ಬದುಗಳ ಹುಲ್ಲನ್ನು ಕೊಯ್ಯುವ ಬ್ರಷ್ ಕಟರು, ಹಳ್ಳದಿಂದಲೂ ಹೊಂಡದಿಂದಲೂ ನೀರೆತ್ತುವ ಪಂಪು, ಇವುಗಳಲ್ಲಿ ಹೆಚ್ಚಿನವು ಇಂತಹ ಎಂಜಿನುಗಳಿಂದಲೇ ನಡೆಯತಕ್ಕವು. ಕೂಲಿಯಾಳುಗಳು ಸಕಾಲಕ್ಕೆ ದೊರೆಯದ ಈ ದಿನಗಳಲ್ಲಿ ಇವುಗಳ ಉಪಯೋಗವು ಎಷ್ಟೆಂಬುದನ್ನು ವಿವರಿಸಬೇಕಾದುದಿಲ್ಲ.

ಆದರೆ ಈ ಯಂತ್ರಗಳು ಎತ್ತುಗಳಂತೆ ವರ್ಷವೆಲ್ಲ ದುಡಿಯತಕ್ಕವಲ್ಲ. ಮಾವು ಹೂ ಬಿಡುವ ಕಾಲದಲ್ಲಿ ಕೆಲವು ದಿನ, ರಾಗಿಯಲ್ಲಿ ಕಳೆ ತೆಗೆಯುವ ಕಾಲದಲ್ಲಿ ಕೆಲವು ದಿನ ಬಿಡುವಿಲ್ಲದೆ ನಡೆದು, ಉಳಿದ ತಿಂಗಳುಗಳಲ್ಲಿ ಕೊಟ್ಟಿಗೆಯ ಮೂಲೆಯನ್ನು ಸೇರುವುವು. ಪುನಃ ಬೇಕಾದಾಗ ಅವು ಹೊರಡುವುದಿಲ್ಲ. ಬಾದಾಮಿ, ರಸಪುರಿ, ಸೇಂದೂರ ತೋಪುಗಳಲ್ಲಿ ಹೂಗೊಂಚಲು ಹೊರಟು ಜಿಗಿಹುಳುವೂ ಬೂದಿರೋಗವೂ ಕಾಣಿಸಿಕೊಂಡಾಗ ಔಷಧಿಯನ್ನು ಹೊಡೆಯಲು ದೊರೆಯುವ ಅವಕಾಶವು ಕೆಲವೇ ದಿನಗಳದು. ಆ ಹೊತ್ತಿನಲ್ಲಿ ರೈತನು ಎಂಜಿನಿನ ಹಗ್ಗವನ್ನು ಇಪ್ಪತ್ತು ಸಾರಿ ಎಳೆದು, ಕೈ ಸೋತು, ಕಡೆಗೆ ಕಾರ್ಬ್ಯುರೇಟರಿನ ಮೇಲೆ ಕಂಡ ತಿರುಪುಗಳನ್ನೆಲ್ಲ ಒಂದೊಂದಾಗಿ ತಿರುಗಿಸಿ ನೋಡುವನು. ಮೊದಲು ಒಂದು ದೋಷವಿದ್ದ ಎಂಜಿನಿನಲ್ಲಿ ಆಮೇಲೆ ಎರಡು ದೋಷಗಳಾಗುವುವು. ಯಂತ್ರವನ್ನು ಪೇಟೆಗೆ ಹೊತ್ತು ಸರಿಮಾಡಿಸಿ ತರುವಷ್ಟರಲ್ಲಿ ಮೂರು ನಾಲ್ಕು ದಿನಗಳು ಕಳೆದು, ಹೂವಿನ ರಸವನ್ನು ಹುಳುವು ಹೀರಿರುವುದು.

ಇಂತಹ ಸಂದರ್ಭಗಳಲ್ಲಿ ಬಹುಪಾಲು ದೋಷವು ತಿರುಪಿನಲ್ಲಿರುವುದಿಲ್ಲ. ಹಳೆಯ ಪೆಟ್ರೋಲು, ಧೂಳು, ನೀರು ಇವು ಮೂರೇ ಮುಖ್ಯ ಕಾರಣಗಳು. ಆದುದರಿಂದ ಮೊದಲು ಪೆಟ್ರೋಲನ್ನು ನೋಡುವುದು, ಆಮೇಲೆ ಶುಚಿಮಾಡುವುದು, ಎಲ್ಲಕ್ಕೂ ಕಡೆಯಲ್ಲಿ ತಿರುಪನ್ನು ಮುಟ್ಟುವುದು. ಈ ಕ್ರಮವನ್ನು ಅನುಸರಿಸಿದ ರೈತನು ಹತ್ತರಲ್ಲಿ ಅನೇಕ ಸಾರಿ ಪೇಟೆಗೆ ಹೋಗಬೇಕಾದ ಅಗತ್ಯವೇ ಇರುವುದಿಲ್ಲ. ಮತ್ತೊಂದು ಸಂಗತಿಯೂ ಉಂಟು. ೨೦೨೦ನೇ ಏಪ್ರಿಲ್ ೧ರಿಂದ ಭಾರತದಲ್ಲಿ ವಾಹನಗಳ ಹೊಗೆಗೆ ಸಂಬಂಧಿಸಿದ ಬಿ.ಎಸ್. ೬ ನಿಯಮಗಳು ಜಾರಿಗೆ ಬಂದ ಮೇಲೆ ಹೊಸ ಮೋಟಾರು ಸೈಕಲುಗಳಲ್ಲಿ ಕಾರ್ಬ್ಯುರೇಟರಿನ ಸ್ಥಾನವನ್ನು ಬಹುಮಟ್ಟಿಗೆ ಇಂಜೆಕ್ಷನ್ ಕ್ರಮವು ಆಕ್ರಮಿಸಿತು. ಕಾರ್ಬ್ಯುರೇಟರಿನಲ್ಲಿ ಕೈ ಪಳಗಿದ ಮೆಕ್ಯಾನಿಕರು ಇದರಿಂದ ಕ್ರಮೇಣ ಕಡಿಮೆಯಾಗುವುದು ಸಹಜವು. ವ್ಯವಸಾಯದ ಸಣ್ಣ ಎಂಜಿನುಗಳಲ್ಲಿಯಾದರೋ ಕಾರ್ಬ್ಯುರೇಟರೇ ಉಳಿದಿರುವುದರಿಂದ ಅದರ ವಿಷಯವನ್ನು ರೈತನು ತಾನೇ ಅರಿತಿರುವುದು ಲೇಸು.

ಕಾರ್ಬ್ಯುರೇಟರು ಮಾಡುವ ಕೆಲಸ

ಪೆಟ್ರೋಲು ದ್ರವರೂಪದಲ್ಲಿ ಎಂಜಿನಿನೊಳಗೆ ಚೆನ್ನಾಗಿ ಉರಿಯಲಾರದು. ಅದು ಸೂಕ್ಷ್ಮವಾದ ತುಂತುರಾಗಿ ಒಡೆದು, ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆಯಬೇಕು. ತೂಕದ ಲೆಕ್ಕದಲ್ಲಿ ಒಂದು ಪಾಲು ಶುದ್ಧ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು ೧೪.೭ ಪಾಲು ಗಾಳಿ ಬೇಕು. ಗಾತ್ರದಲ್ಲಿ ಹೇಳುವುದಾದರೆ ಒಂದು ಲೀಟರು ಪೆಟ್ರೋಲಿಗೆ ಒಂಬತ್ತು ಹತ್ತು ಸಾವಿರ ಲೀಟರು ಗಾಳಿಯು ಬೇಕಾಗುವುದು. ಈ ಬೆರಕೆಯನ್ನು ಅಳತೆಮಾಡಿ ಕೊಡತಕ್ಕ ಸಾಧನವೇ ಕಾರ್ಬ್ಯುರೇಟರು. ಪೆಟ್ರೋಲಿನ ಪಾಲು ಹೆಚ್ಚಾದರೆ ಅದನ್ನು ಗಾಢಮಿಶ್ರಣವೆಂದೂ, ಕಡಿಮೆಯಾದರೆ ತೆಳುಮಿಶ್ರಣವೆಂದೂ ಈ ಲೇಖನದಲ್ಲಿ ಕರೆಯಲಾಗಿದೆ.

ಅಗಲವಾದ ಕಾಲುವೆಯಲ್ಲಿ ಮೆಲ್ಲಗೆ ಹರಿಯುವ ನೀರು ಇಕ್ಕಟ್ಟಾದ ಕಡೆಯಲ್ಲಿ ಬಿರುಸಾಗಿ ಹರಿಯುವುದನ್ನು ಎಲ್ಲ ರೈತರೂ ಬಲ್ಲರು. ಕಾರ್ಬ್ಯುರೇಟರಿನ ನಡುವೆ ಇಂತಹುದೇ ಒಂದು ಇಕ್ಕಟ್ಟಾದ ಕಂಠವುಂಟು. ಎಂಜಿನು ಗಾಳಿಯನ್ನು ಸೆಳೆದಾಗ ಆ ಗಾಳಿಯು ಕಂಠದಲ್ಲಿ ವೇಗವಾಗಿ ಓಡುವುದು. ವೇಗವು ಹೆಚ್ಚಿದ ಕಡೆ ಒತ್ತಡವು ತಗ್ಗುವುದು. ತಗ್ಗಿದ ಒತ್ತಡದಿಂದ, ಕಂಠಕ್ಕೆ ಸೇರಿಸಿರುವ ಸಣ್ಣ ಕೊಳವೆಯ ಮೂಲಕ ಪೆಟ್ರೋಲು ಮೇಲೇರಿ ತುಂತುರಾಗಿ ಗಾಳಿಯಲ್ಲಿ ಬೆರೆಯುವುದು. ಇಟಲಿ ದೇಶದ ವೆಂಚುರಿ (೧೭೪೬–೧೮೨೨) ಎಂಬ ವಿದ್ವಾಂಸನು ಈ ತತ್ವವನ್ನು ಪರಿಶೀಲಿಸಿದುದರಿಂದ ಆ ಕಂಠಕ್ಕೆ ಅವನ ಹೆಸರೇ ನಿಂತಿದೆ. ಪೆಟ್ರೋಲು ಎಷ್ಟು ಬರಬೇಕೆಂಬುದನ್ನು ಗೊತ್ತುಮಾಡುವುದು ಜೆಟ್ ಎಂಬ ಹಿತ್ತಾಳೆಯ ಸಣ್ಣ ತುಂಡಿನಲ್ಲಿ ಕೊರೆದ ರಂಧ್ರವು. ಸಣ್ಣ ಎಂಜಿನುಗಳಲ್ಲಿ ಇದರ ಅಡ್ಡಳತೆಯು ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಎಂಜಿನು ಮೆಲ್ಲಗೆ ನಡೆಯುವಾಗ ಪೆಟ್ರೋಲನ್ನು ಒದಗಿಸಲು ಇದಕ್ಕಿಂತಲೂ ಕಿರಿದಾದ ಮತ್ತೊಂದು ಮಾರ್ಗವುಂಟು. ಅದಕ್ಕೆ ಪೈಲಟ್ ಜೆಟ್ ಎಂದು ಹೆಸರು. ಮೊದಲು ಕಟ್ಟಿಕೊಳ್ಳುವುದು ಈ ಕಿರಿಯ ರಂಧ್ರವೇ ಎಂಬುದನ್ನು ನೆನಪಿನಲ್ಲಿಡಬೇಕು.

ಇವಲ್ಲದೆ ಎರಡು ಬಿಲ್ಲೆಗಳಿರುವುವು. ಥ್ರಾಟಲ್ ಎಂಬುದು ಎಂಜಿನಿಗೆ ಹೋಗುವ ಬೆರಕೆಯನ್ನು ಹೆಚ್ಚು ಕಡಿಮೆ ಮಾಡುವುದು. ಚೋಕ್ ಎಂಬುದು ಗಾಳಿಯನ್ನು ತಡೆದು, ತಣ್ಣಗಿರುವ ಎಂಜಿನು ಹೊರಡುವುದಕ್ಕಾಗಿ ಸ್ವಲ್ಪ ಹೊತ್ತು ಮಾತ್ರ ಗಾಢಮಿಶ್ರಣವನ್ನು ಕೊಡುವುದು.

ಎರಡು ಬಗೆಯ ಕಾರ್ಬ್ಯುರೇಟರುಗಳು

ಪವರ್ ವೀಡರು, ಪಂಪು ಮೊದಲಾದ ನೆಲದ ಮೇಲೆ ನೆಟ್ಟಗೆ ನಿಲ್ಲುವ ಯಂತ್ರಗಳಲ್ಲಿ ಬಟ್ಟಲಿನ ಕಾರ್ಬ್ಯುರೇಟರು ಇರುವುದು. ಮನೆಯ ನೀರಿನ ತೊಟ್ಟಿಯಲ್ಲಿ ತೇಲುವ ಬುರುಡೆಯು ಮೇಲೆ ಬಂದಾಗ ನಲ್ಲಿ ನಿಲ್ಲುವಂತೆ, ಇದರ ಬಟ್ಟಲಿನಲ್ಲಿಯೂ ಒಂದು ತೇಲುಬುರುಡೆಯು ಏರಿ, ಸೂಜಿಯೊಂದನ್ನು ಒತ್ತಿ, ಪೆಟ್ರೋಲಿನ ದಾರಿಯನ್ನು ಮುಚ್ಚುವುದು. ಬಟ್ಟಲಿನಲ್ಲಿ ಪೆಟ್ರೋಲು ಯಾವಾಗಲೂ ಒಂದೇ ಮಟ್ಟದಲ್ಲಿರುವುದು.

ಬ್ರಷ್ ಕಟರು, ಮರ ಕೊಯ್ಯುವ ಚೈನ್ ಗರಗಸ ಮೊದಲಾದವುಗಳನ್ನು ಕೆಲಸಗಾರನು ಓರೆಯಾಗಿಯೂ ಅಡ್ಡವಾಗಿಯೂ ಹಿಡಿಯುವನು. ಅಲ್ಲಿ ಬಟ್ಟಲಿನ ಪೆಟ್ರೋಲು ಚೆಲ್ಲಿಹೋಗುವುದಾದ್ದರಿಂದ, ಬಟ್ಟಲಿಗೆ ಬದಲಾಗಿ ಡಯಾಫ್ರಮ್ ಎಂಬ ತೆಳುಪೊರೆಯಿಂದ ನಡೆಯುವ ಕಾರ್ಬ್ಯುರೇಟರನ್ನು ಇಟ್ಟಿರುವರು. ಬೆನ್ನಿಗೆ ಹೊರುವ ಔಷಧಿಯ ಯಂತ್ರಗಳಲ್ಲಿ ಈ ಎರಡು ಬಗೆಗಳೂ ಉಂಟು. ರೈತನು ತನ್ನ ಯಂತ್ರವು ಯಾವ ಬಗೆಯದೆಂದು ಮೊದಲು ತಿಳಿದುಕೊಳ್ಳತಕ್ಕದ್ದು. ಸರಿಪಡಿಸುವ ಕ್ರಮವು ಎರಡಕ್ಕೂ ಒಂದೇ ಅಲ್ಲ.

ನಿಂತ ಪೆಟ್ರೋಲಿನಿಂದ ಆಗುವ ಕೇಡು

ಪೆಟ್ರೋಲು ಸೀಮೆಎಣ್ಣೆಯಂತೆ ಬಹುಕಾಲ ಕೆಡದೆ ಇರುವ ವಸ್ತುವಲ್ಲ. ಬಟ್ಟಲಿನಲ್ಲಿ ಕೆಲವು ವಾರ ನಿಂತರೆ ಅದರ ಹಗುರವಾದ ಅಂಶವು ಆವಿಯಾಗಿ, ಉಳಿದುದು ಅಂಟಾಗುವುದು. ಆ ಅಂಟು ಜೆಟ್ಟಿನ ರಂಧ್ರದಲ್ಲಿ ಒಣಗಿ ಅರಗಿನಂತೆ ಗಟ್ಟಿಯಾಗುವುದು. ಮಾಘಮಾಸದಲ್ಲಿ ಮಾವಿಗೆ ಔಷಧಿ ಹೊಡೆದು ಹಾಗೆಯೇ ಇಟ್ಟ ಯಂತ್ರವು ಮುಂಗಾರಿನಲ್ಲಿ ಹೊರಡದಿರುವುದಕ್ಕೆ ಇದೇ ಮುಖ್ಯ ಕಾರಣವು.

ಇದಕ್ಕೆ ಈಗ ಮತ್ತೊಂದು ಕಾರಣವೂ ಕೂಡಿಕೊಂಡಿದೆ. ಕಬ್ಬು, ಧಾನ್ಯ ಮೊದಲಾದವುಗಳಿಂದ ತೆಗೆದ ಎಥನಾಲ್ ಎಂಬ ಮದ್ಯಸಾರವನ್ನು ಪೆಟ್ರೋಲಿಗೆ ಬೆರೆಸುವ ಕ್ರಮದಲ್ಲಿ ಭಾರತವು ಶೇಕಡ ೧೦ರ ಗುರಿಯನ್ನು ೨೦೨೨ರಲ್ಲಿಯೂ, ಶೇಕಡ ೨೦ರ ಗುರಿಯನ್ನು ೨೦೨೫ರಲ್ಲಿಯೂ ಮುಟ್ಟಿತು. ಮದ್ಯಸಾರಕ್ಕೆ ನೀರನ್ನು ಹೀರಿಕೊಳ್ಳುವ ಗುಣವುಂಟು. ಅರ್ಧ ತುಂಬಿದ ಡಬ್ಬಿಯಲ್ಲಿ ಮಳೆಗಾಲದ ತೇವದ ಗಾಳಿಯು ಸೇರಿ, ನೀರಿನ ಅಂಶವು ಮಿತಿಮೀರಿದರೆ, ನೀರೂ ಮದ್ಯಸಾರವೂ ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುವುವು. ಎಂಜಿನಿಗೆ ಪೆಟ್ರೋಲು ಹೋಗುವುದು ತಳದಿಂದಲೇ ಆದ್ದರಿಂದ, ಮೊದಲು ಕಾರ್ಬ್ಯುರೇಟರನ್ನು ಸೇರುವುದು ಈ ನೀರೇ. ಮದ್ಯಸಾರವು ಹಳೆಯ ಯಂತ್ರಗಳ ರಬ್ಬರು ಕೊಳವೆಗಳನ್ನೂ ಪೊರೆಗಳನ್ನೂ ಉಬ್ಬಿಸಿ ಕೆಡಿಸುವುದೂ ಉಂಟು. ಅಲ್ಲದೆ ಮದ್ಯಸಾರವು ಉರಿಯಲು ತೂಕದಲ್ಲಿ ಸುಮಾರು ಒಂಬತ್ತು ಪಾಲು ಗಾಳಿಯು ಮಾತ್ರ ಸಾಕಾಗುವುದರಿಂದ, ಜೆಟ್ಟನ್ನು ಬದಲಾಯಿಸದೆ ಅದೇ ಎಂಜಿನನ್ನು ನಡೆಸಿದರೆ ಮಿಶ್ರಣವು ಮೊದಲಿಗಿಂತ ಸ್ವಲ್ಪ ತೆಳುವಾಗುವುದು. ತನ್ನ ಯಂತ್ರವು ಶೇಕಡ ಎಷ್ಟು ಮದ್ಯಸಾರಕ್ಕೆ ತಕ್ಕದ್ದೆಂಬುದನ್ನು ಯಂತ್ರದೊಡನೆ ಬಂದ ಪುಸ್ತಕದಲ್ಲಿ ರೈತನು ನೋಡಿಕೊಳ್ಳಬೇಕು.

ಪರೀಕ್ಷೆಯು ಸುಲಭವಾದುದು. ಬಟ್ಟಲಿನ ತಳದ ಬೋಲ್ಟನ್ನು ಸಡಿಲಿಸಿ, ಬರುವ ಪೆಟ್ರೋಲನ್ನು ತಿಳಿಯಾದ ಗಾಜಿನ ಶೀಸೆಯಲ್ಲಿ ಹಿಡಿದು ಹತ್ತು ನಿಮಿಷ ಅಲ್ಲಾಡಿಸದೆ ಇಡುವುದು. ತಳದಲ್ಲಿ ಬೇರೆ ಪದರವು ಕಂಡರೆ ಅದು ನೀರು. ಕಸವು ಕಂಡರೆ ಟ್ಯಾಂಕನ್ನೂ ತೊಳೆಯಬೇಕು. ವಾರ್ನಿಷಿನಂತಹ ಹುಳಿವಾಸನೆ ಬಂದರೆ ಪೆಟ್ರೋಲು ಹಳೆಯದು. ಮೂರರಲ್ಲಿ ಯಾವುದಾದರೂ ಕಂಡಲ್ಲಿ ಟ್ಯಾಂಕಿನ ಪೆಟ್ರೋಲನ್ನೆಲ್ಲ ತೆಗೆದು ಹೊಸದನ್ನು ಹಾಕತಕ್ಕದ್ದು.

ಬಿಚ್ಚುವುದಕ್ಕೆ ಮೊದಲು ನೋಡತಕ್ಕ ಸಂಗತಿಗಳು

ಎಂಜಿನು ಹೊರಡದಿದ್ದಾಗ ಕೆಳಗಣ ಸಂಗತಿಗಳನ್ನು ಇದೇ ಕ್ರಮದಲ್ಲಿ ಪರೀಕ್ಷಿಸಬೇಕು.

೧. ಪೆಟ್ರೋಲಿನ ಕಾಕ್ ತೆರೆದಿದೆಯೇ, ಎಂಜಿನಿನ ಸ್ವಿಚ್ಚು ಸರಿಯಾದ ಕಡೆಗಿದೆಯೇ ಎಂದು ನೋಡುವುದು. ಇಷ್ಟನ್ನು ಮರೆತು ಯಂತ್ರವನ್ನು ಪೇಟೆಗೆ ಹೊತ್ತವರೂ ಉಂಟು.

೨. ಟ್ಯಾಂಕಿನ ಮುಚ್ಚಳದಲ್ಲಿರುವ ಗಾಳಿಯ ರಂಧ್ರವನ್ನು ನೋಡುವುದು. ಎಂಜಿನು ಹತ್ತು ಹದಿನೈದು ನಿಮಿಷ ಚೆನ್ನಾಗಿ ನಡೆದು ನಿಂತು, ಮುಚ್ಚಳವನ್ನು ಸಡಿಲಿಸಿದ ಕೂಡಲೆ ಪುನಃ ಹೊರಟರೆ ದೋಷವು ಈ ರಂಧ್ರದಲ್ಲಿರುವುದು, ಕಾರ್ಬ್ಯುರೇಟರಿನಲ್ಲಲ್ಲ.

೩. ಏರ್ ಫಿಲ್ಟರು, ಅಂದರೆ ಗಾಳಿಯನ್ನು ಸೋಸುವ ಭಾಗವನ್ನು ನೋಡುವುದು. ಈ ಸೀಮೆಯ ಕೆಂಪುಮಣ್ಣಿನ ಹೊಲಗಳಲ್ಲಿ ವೀಡರು ನಡೆಯುವಾಗ ಏಳುವ ಧೂಳು ಅಷ್ಟಿಷ್ಟಲ್ಲ. ಸ್ಪಂಜಿನ ಫಿಲ್ಟರನ್ನು ಸೋಪಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ, ಕೆಲವು ತೊಟ್ಟು ಎಂಜಿನ್ ಎಣ್ಣೆಯನ್ನು ಹಾಕಿ ಹಿಂಡಿ ಇಡಬೇಕು. ಕಾಗದದ ಫಿಲ್ಟರನ್ನು ಮೆಲ್ಲಗೆ ತಟ್ಟಿ ಧೂಳನ್ನು ಉದುರಿಸಬೇಕೇ ಹೊರತು ತೊಳೆಯಕೂಡದು. ಫಿಲ್ಟರನ್ನು ತೆಗೆದುಹಾಕಿ ಎಂಜಿನನ್ನು ನಡೆಸುವುದು ಎಂದಿಗೂ ಕೂಡದು. ಧೂಳು ಸಿಲಿಂಡರನ್ನು ಮರಳುಕಾಗದದಂತೆ ಉಜ್ಜಿ ಸವೆಸುವುದು.

೪. ಚೋಕ್ ಮುಚ್ಚಿ ನಾಲ್ಕೈದು ಸಾರಿ ಹಗ್ಗವನ್ನು ಎಳೆದ ಮೇಲೆ ಪ್ಲಗ್ಗನ್ನು ಬಿಚ್ಚಿ ನೋಡುವುದು. ಅದರ ತುದಿಯು ಒಣಗಿದ್ದರೆ ಪೆಟ್ರೋಲು ಸಿಲಿಂಡರನ್ನು ಸೇರುತ್ತಿಲ್ಲ. ತೋಯ್ದಿದ್ದರೆ ಪೆಟ್ರೋಲು ಬರುತ್ತಿದೆ, ಆದರೆ ಕಿಡಿಯಿಲ್ಲ, ಇಲ್ಲವೆ ಪೆಟ್ರೋಲು ಮಿತಿಮೀರಿ ಬಂದಿದೆ. ಪ್ಲಗ್ಗನ್ನು ಒರಸಿ ಒಣಗಿಸಿ, ಚೋಕನ್ನೂ ಥ್ರಾಟಲನ್ನೂ ಪೂರ್ತಿ ತೆರೆದು, ಕೆಲವು ಸಾರಿ ಹಗ್ಗವನ್ನು ಎಳೆದು ಸಿಲಿಂಡರಿನ ಪೆಟ್ರೋಲನ್ನು ಹೊರಹೊರಡಿಸಿ, ಆಮೇಲೆ ಪ್ಲಗ್ಗನ್ನು ಹಾಕಿ ನೋಡಬೇಕು. ಕಿಡಿಯೇ ಇಲ್ಲದ ಎಂಜಿನಿನ ಕಾರ್ಬ್ಯುರೇಟರನ್ನು ಬಿಚ್ಚುವುದರಿಂದ ಪ್ರಯೋಜನವಿಲ್ಲ.

ಲಕ್ಷಣಗಳೂ ಕಾರಣಗಳೂ

ಎಂಜಿನು ನಡೆಯುತ್ತಿದ್ದು ಸರಿಯಾಗಿ ನಡೆಯದಿದ್ದರೆ, ಅದರ ಹೊಗೆ, ಶಬ್ದ ಮತ್ತು ಪ್ಲಗ್ಗಿನ ಬಣ್ಣಗಳೇ ದೋಷವನ್ನು ತೋರಿಸುವುವು. ಸರಿಯಾಗಿ ನಡೆಯುವ ಎಂಜಿನಿನ ಪ್ಲಗ್ಗು ರಾಗಿಯ ಹುರಿಹಿಟ್ಟಿನಂತೆ ತಿಳಿಕಂದು ಬಣ್ಣದ್ದಾಗಿರುವುದು. ಕಪ್ಪಾಗಿ ಮಸಿ ಹಿಡಿದಿದ್ದರೆ ಮಿಶ್ರಣವು ಗಾಢವಾಗಿದೆ. ಬೂದಿಯಂತೆ ಬಿಳುಪಾಗಿದ್ದರೆ ತೆಳುವಾಗಿದೆ.

ಚೋಕ್ ಮುಚ್ಚಿದಾಗ ನಡೆದು, ತೆರೆದ ಕೂಡಲೆ ನಿಲ್ಲುವುದು: ಇದು ತೆಳುಮಿಶ್ರಣದ ಲಕ್ಷಣವು. ಜೆಟ್ ಕಟ್ಟಿರುವುದು, ಟ್ಯಾಂಕಿನ ಜಾಲರಿ ಮುಚ್ಚಿರುವುದು, ಇಲ್ಲವೆ ಕಾರ್ಬ್ಯುರೇಟರೂ ಎಂಜಿನೂ ಕೂಡುವೆಡೆಯ ಗ್ಯಾಸ್ಕೆಟ್ಟು ಹರಿದು ಬೇಡದ ಗಾಳಿಯು ಒಳಸೇರುತ್ತಿರುವುದು.

ವೇಗವು ತಾನಾಗಿ ಏರುತ್ತಲೂ ಇಳಿಯುತ್ತಲೂ ಇರುವುದು: ಬಟ್ಟಲಿನ ಕಾರ್ಬ್ಯುರೇಟರುಗಳಲ್ಲಿ ಪೈಲಟ್ ಜೆಟ್ ಕಟ್ಟಿರುವುದಕ್ಕೆ ಇದು ಗುರುತು. ವೇಗವನ್ನು ಕಾಯುವ ಗವರ್ನರಿನ ಸ್ಪ್ರಿಂಗನ್ನು ಇದಕ್ಕಾಗಿ ಬಗ್ಗಿಸುವುದು ತಪ್ಪು.

ಕರಿಯ ಹೊಗೆ, ಪೆಟ್ರೋಲಿನ ಹೆಚ್ಚು ವೆಚ್ಚ, ಭಾರ ಬಿದ್ದಾಗ ಮುಗ್ಗರಿಸುವುದು: ಇದು ಗಾಢಮಿಶ್ರಣವು. ಚೋಕ್ ಪೂರ್ತಿ ತೆರೆಯದಿರುವುದು, ಏರ್ ಫಿಲ್ಟರಿನಲ್ಲಿ ಧೂಳು ತುಂಬಿರುವುದು, ತೇಲುಬುರುಡೆಯ ಮಟ್ಟವು ಹೆಚ್ಚಾಗಿರುವುದು ಇವು ಕಾರಣಗಳು.

ಕಾರ್ಬ್ಯುರೇಟರಿನಿಂದ ಪೆಟ್ರೋಲು ತೊಟ್ಟಿಕ್ಕುವುದು: ಸೂಜಿಯ ತುದಿಯಲ್ಲಿ ಕಸವು ಸಿಕ್ಕಿರುವುದು, ಸೂಜಿ ಸವೆದಿರುವುದು, ಇಲ್ಲವೆ ತೇಲುಬುರುಡೆಯು ತೂತಾಗಿ ಪೆಟ್ರೋಲು ತುಂಬಿ ಮುಳುಗಿರುವುದು. ಇಂತಹ ದೋಷವಿದ್ದಾಗ ಪೆಟ್ರೋಲು ಸಿಲಿಂಡರಿನ ಮೂಲಕ ಇಳಿದು ಎಂಜಿನಿನ ಎಣ್ಣೆಯಲ್ಲಿಯೂ ಸೇರಬಹುದು. ಎಣ್ಣೆಯ ಮಟ್ಟವು ಏರಿ ಅದರಲ್ಲಿ ಪೆಟ್ರೋಲಿನ ವಾಸನೆಯಿದ್ದರೆ, ಎಣ್ಣೆಯನ್ನು ಬದಲಾಯಿಸದೆ ಎಂಜಿನನ್ನು ನಡೆಸಕೂಡದು. ನಡೆಸಿದಲ್ಲಿ ಒಳಭಾಗಗಳು ಬೇಗನೆ ಸವೆದು ಕೆಡುವುವು.

ಬಿಚ್ಚಿ ಶುಚಿಮಾಡುವ ಕ್ರಮ

ಈ ಕೆಲಸವನ್ನು ಗಾಳಿಯಾಡುವ ಬಯಲಿನಲ್ಲಿ, ತಣ್ಣಗಾದ ಎಂಜಿನಿನ ಮೇಲೆ ಮಾಡತಕ್ಕದ್ದು. ಒಲೆ, ದೀಪ, ಬೀಡಿಗಳು ಹತ್ತಿರದಲ್ಲಿ ಇರಕೂಡದು. ರೇಷ್ಮೆಹುಳು ಸಾಕುವ ಮನೆಯ ಬಳಿಯಲ್ಲಿಯೂ ಈ ಕೆಲಸವು ಬೇಡ. ಹೊಗೆಯೂ ಪೆಟ್ರೋಲಿನ ಆವಿಯೂ ಹುಳುಗಳಿಗೆ ಹಿತವಲ್ಲ; ಪೆಟ್ರೋಲು ಹತ್ತಿದ ಕೈಗಳಿಂದ ಸೊಪ್ಪನ್ನು ಮುಟ್ಟುವುದೂ ಸಲ್ಲದು.

ಕಾಕನ್ನು ಮುಚ್ಚಿ, ಬಿಳಿಯ ಬಟ್ಟೆಯೊಂದನ್ನು ಹಾಸಿ, ಅದರ ಮೇಲೆ ಬಿಚ್ಚಿದ ಭಾಗಗಳನ್ನು ಬಿಚ್ಚಿದ ಸಾಲಿನಲ್ಲಿಯೇ ಇಡಬೇಕು. ಕೈಯಲ್ಲಿ ಮೊಬೈಲು ಫೋನ್ ಇರುವವರು ಪ್ರತಿಯೊಂದು ಹಂತದಲ್ಲಿಯೂ ಒಂದು ಚಿತ್ರವನ್ನು ತೆಗೆದುಕೊಂಡರೆ ಪುನಃ ಜೋಡಿಸುವಾಗ ಸಂದೇಹಕ್ಕೆ ಎಡೆಯಿರುವುದಿಲ್ಲ. ಬಟ್ಟಲನ್ನು ತೆಗೆದು ಒಳಗಿನ ಅಂಟನ್ನು ಒರಸುವುದು. ತೇಲುಬುರುಡೆಯ ಸಣ್ಣ ಕಡ್ಡಿಯನ್ನು ಎಳೆದು, ಬುರುಡೆಯನ್ನೂ ಸೂಜಿಯನ್ನೂ ಹೊರಗೆ ತೆಗೆಯುವುದು. ಬುರುಡೆಯನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ಒಳಗೆ ಪೆಟ್ರೋಲಿನ ಸದ್ದು ಕೇಳಿಸಿದರೆ ಅದು ತೂತಾಗಿದೆ, ಹೊಸದನ್ನು ಹಾಕಬೇಕು.

ಆಮೇಲೆ ಜೆಟ್ಟುಗಳನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡುವುದು. ರಂಧ್ರವು ಗುಂಡಗೆ, ನಿರ್ಮಲವಾಗಿ ಕಾಣಬೇಕು. ಕಟ್ಟಿದ್ದರೆ ಕಾರ್ಬ್ಯುರೇಟರು ತೊಳೆಯುವ ದ್ರವವನ್ನಾಗಲಿ ಹೊಸ ಪೆಟ್ರೋಲನ್ನಾಗಲಿ ಹಾಕಿ ಸ್ವಲ್ಪ ಹೊತ್ತು ನೆನೆಯಿಸಿ, ಸೈಕಲ್ ಪಂಪಿನಿಂದ ಗಾಳಿಯನ್ನು ಊದಬೇಕು. ಹಾಗೂ ಬಿಡದಿದ್ದರೆ ವಿದ್ಯುತ್ ತಂತಿಯೊಳಗಿನ ತಾಮ್ರದ ಒಂದೇ ಎಳೆಯನ್ನು ಮೆಲ್ಲಗೆ ತೂರಿಸಬಹುದು. ಗುಂಡುಸೂಜಿ, ಉಕ್ಕಿನ ತಂತಿ, ಡ್ರಿಲ್ ಇವುಗಳನ್ನು ಸೋಕಿಸಲೇಕೂಡದು. ಹಿತ್ತಾಳೆಯು ಮೆತುವಾದ ಲೋಹ. ಉಕ್ಕು ತಾಗಿದ ಕೂಡಲೆ ರಂಧ್ರವು ಹಿಗ್ಗುವುದು. ೦.೭೦ ಮಿಲಿಮೀಟರಿನ ರಂಧ್ರವು ೦.೭೭ ಮಿಲಿಮೀಟರಾದರೆ ಕಣ್ಣಿಗೆ ವ್ಯತ್ಯಾಸವೇ ತೋರದು. ಆದರೆ ಪೆಟ್ರೋಲು ಹರಿಯುವ ವಿಸ್ತಾರವು ಶೇಕಡ ೨೧ರಷ್ಟು ಹೆಚ್ಚಿರುವುದು. ಚನ್ನಪಟ್ಟಣದ ಬೊಂಬೆಯ ಕುಶಲಿಯು ಪಟ್ಟಡೆಯ ಮೇಲೆ ಕಣ್ಣಳತೆಯಿಂದಲೇ ಮರವನ್ನು ತಿದ್ದಬಲ್ಲನು. ಜೆಟ್ಟಿನ ರಂಧ್ರವನ್ನು ಕಣ್ಣಳತೆಯಿಂದ ತಿದ್ದುವವರು ಯಾರೂ ಇಲ್ಲ.

ತೊಳೆಯುವ ದ್ರವವನ್ನು ರಬ್ಬರು ಉಂಗುರಗಳಿಗೂ ತೆಳುಪೊರೆಗಳಿಗೂ ತಾಗಿಸಬಾರದು. ಡಯಾಫ್ರಮ್ ಕಾರ್ಬ್ಯುರೇಟರಿನಲ್ಲಿ ಪೊರೆಗಳಿರುವ ಕಡೆ ಗಾಳಿಯನ್ನು ಬಲವಾಗಿ ಊದಿದರೆ ಪೊರೆಯು ಹರಿಯುವುದು. ಪೊರೆಯು ಗಟ್ಟಿಯಾಗಿ ಅಥವಾ ಸುಕ್ಕಾಗಿ ಕಂಡರೆ ಅದನ್ನು ಸರಿಪಡಿಸುವ ಯತ್ನವು ವ್ಯರ್ಥವು. ಪೊರೆ, ಗ್ಯಾಸ್ಕೆಟ್ಟುಗಳು ಕೂಡಿದ ಹೊಸ ಕಿಟ್ಟನ್ನು ತಂದು ಹಾಕುವುದೇ ಮಾರ್ಗವು. ಎಲ್ಲವನ್ನೂ ಜೋಡಿಸಿದ ಬಳಿಕ ಕಾಕನ್ನು ತೆರೆದು, ಎಲ್ಲಿಯೂ ಪೆಟ್ರೋಲು ಜಿನುಗದಿರುವುದನ್ನು ನೋಡಿಕೊಂಡೇ ಎಂಜಿನನ್ನು ಹೊರಡಿಸತಕ್ಕದ್ದು.

ತಿರುಪುಗಳನ್ನು ಹೊಂದಿಸುವ ಕ್ರಮ

ಮೇಲೆ ಹೇಳಿದುದನ್ನೆಲ್ಲ ಮಾಡಿದ ಮೇಲೂ ಎಂಜಿನು ಹದವಾಗಿ ನಡೆಯದಿದ್ದರೆ ಮಾತ್ರ ತಿರುಪಿನ ಕಡೆಗೆ ಬರಬೇಕು. ಇದಕ್ಕೆ ಒಂದು ನಿಯಮವುಂಟು. ಯಾವ ತಿರುಪನ್ನೇ ಆಗಲಿ ತಿರುಗಿಸುವುದಕ್ಕೆ ಮೊದಲು, ಅದನ್ನು ಬಲಕ್ಕೆ ಮೆಲ್ಲಗೆ ತಿರುಗಿಸುತ್ತ, ತಳ ಮುಟ್ಟುವವರೆಗೆ ಎಷ್ಟು ಸುತ್ತಾಯಿತೆಂದು ಎಣಿಸಿ ಬರೆದಿಡಬೇಕು. ಆಮೇಲೆ ಅಷ್ಟೇ ಸುತ್ತುಗಳನ್ನು ಎಡಕ್ಕೆ ತಿರುಗಿಸಿದರೆ ಅದು ಮೊದಲಿನ ಸ್ಥಿತಿಗೆ ಬರುವುದು. ಹೀಗೆ ಬರೆದಿಟ್ಟವನು ದಾರಿ ತಪ್ಪಿದರೂ ಹಿಂದಿರುಗಬಲ್ಲನು. ತಳ ಮುಟ್ಟಿದ ಮೇಲೆ ಬಿಗಿದರೆ ತಿರುಪಿನ ಮೊನೆಯು ಹಾಳಾಗುವುದು.

ಬಟ್ಟಲಿನ ಕಾರ್ಬ್ಯುರೇಟರು: ಎಂಜಿನನ್ನು ಐದು ನಿಮಿಷ ನಡೆಸಿ ಬಿಸಿಮಾಡಿಕೊಳ್ಳುವುದು. ಪೈಲಟ್ ತಿರುಪಿದ್ದರೆ, ಅದನ್ನು ಕಾಲು ಕಾಲು ಸುತ್ತಿನಂತೆ ಎರಡು ಕಡೆಗೂ ತಿರುಗಿಸಿ, ಎಂಜಿನು ಮೆಲ್ಲಗೆ ನಡೆಯುವಾಗ ಅತ್ಯಂತ ಚುರುಕಾಗಿ, ಸಮವಾಗಿ ನಡೆಯುವ ಜಾಗವನ್ನು ಕಂಡುಕೊಳ್ಳುವುದು. ಆಮೇಲೆ ಥ್ರಾಟಲಿನ ತಡೆತಿರುಪಿನಿಂದ ವೇಗವನ್ನು ಪುಸ್ತಕದಲ್ಲಿ ಹೇಳಿದಷ್ಟಕ್ಕೆ ಇಳಿಸುವುದು; ಈ ಬಗೆಯ ಅನೇಕ ಎಂಜಿನುಗಳಲ್ಲಿ ಅದು ನಿಮಿಷಕ್ಕೆ ೧೪೦೦ ಸುತ್ತುಗಳ ಸುಮಾರಿನಲ್ಲಿರುವುದು. ತಿರುಪು ಏರ್ ಫಿಲ್ಟರಿನ ಕಡೆಗಿದ್ದರೆ ಸಾಮಾನ್ಯವಾಗಿ ಅದು ಗಾಳಿಯನ್ನು ಹಿಡಿತದಲ್ಲಿಡುವುದು. ಅದನ್ನು ಒಳಕ್ಕೆ ತಿರುಗಿಸಿದರೆ ಮಿಶ್ರಣವು ಗಾಢವಾಗುವುದು. ಎಂಜಿನಿನ ಕಡೆಗಿದ್ದರೆ ಅದು ಬೆರಕೆಯನ್ನೇ ಹಿಡಿತದಲ್ಲಿಡುವುದರಿಂದ, ಹೊರಕ್ಕೆ ತಿರುಗಿಸಿದಾಗ ಗಾಢವಾಗುವುದು. ಈ ಭೇದವನ್ನು ತಿಳಿಯದವರು ದೋಷವನ್ನು ಕಳೆಯುವುದಕ್ಕೆ ಬದಲಾಗಿ ಹೆಚ್ಚಿಸುವರು. ಈಚಿನ ಕೆಲವು ಎಂಜಿನುಗಳಲ್ಲಿ ಪೈಲಟ್ ತಿರುಪಿಗೆ ಮುಚ್ಚಳ ಹಾಕಿ ಬಿಗಿದಿರುವರು, ಅದನ್ನು ಒಡೆಯಬಾರದು.

ಡಯಾಫ್ರಮ್ ಕಾರ್ಬ್ಯುರೇಟರು: ಇದರಲ್ಲಿ ಸಾಧಾರಣವಾಗಿ ಮೂರು ತಿರುಪುಗಳಿರುವುವು. ಎಲ್ ಎಂಬುದು ಮಂದಗತಿಯ ಪೆಟ್ರೋಲಿಗೆ, ಎಚ್ ಎಂಬುದು ಪೂರ್ಣವೇಗದ ಪೆಟ್ರೋಲಿಗೆ, ಮೂರನೆಯದು ಮಂದಗತಿಯ ವೇಗಕ್ಕೆ. ಎಲ್ ತಿರುಪನ್ನು ಮೇಲಿನಂತೆಯೇ ಹೊಂದಿಸಿ, ಆಕ್ಸಿಲರೇಟರನ್ನು ಒತ್ತಿದಾಗ ಎಂಜಿನು ತಡವರಿಸದೆ ವೇಗಕ್ಕೆ ಬರುವಂತೆ ಮಾಡಬೇಕು. ತಡವರಿಸಿದರೆ ಎಲ್ ತಿರುಪನ್ನು ಎಂಟನೆಯ ಒಂದು ಸುತ್ತಿನಷ್ಟು ಹೊರಕ್ಕೆ ತಿರುಗಿಸುವುದು. ಮಂದಗತಿಯಲ್ಲಿ ಬ್ರಷ್ ಕಟರಿನ ಅಲಗಾಗಲಿ ಗರಗಸದ ಸರಪಳಿಯಾಗಲಿ ತಿರುಗಕೂಡದು. ತಿರುಗುತ್ತಿದ್ದರೆ ಮೂರನೆಯ ತಿರುಪನ್ನು ಸಡಿಲಿಸಿ ವೇಗವನ್ನು ತಗ್ಗಿಸಬೇಕು. ಇದು ಕೈಕಾಲುಗಳ ಕ್ಷೇಮಕ್ಕೆ ಸಂಬಂಧಿಸಿದ ಮಾತು.

ಎಚ್ ತಿರುಪಿನ ವಿಷಯದಲ್ಲಿ ಹೆಚ್ಚಿನ ಎಚ್ಚರವು ಅವಶ್ಯಕ. ಈ ಎರಡು ಸ್ಟ್ರೋಕಿನ ಎಂಜಿನುಗಳಿಗೆ ಬೇರೆ ಎಣ್ಣೆಯ ಕೋಶವಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಒಳಭಾಗಗಳನ್ನು ನೆನೆಸತಕ್ಕದ್ದು. ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಗುವುದು, ಶಾಖವೋ ಹೆಚ್ಚುವುದು. ಆಗ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡು, ಕೆಲವೇ ನಿಮಿಷಗಳಲ್ಲಿ ಇಡೀ ಎಂಜಿನು ನಷ್ಟವಾಗುವುದುಂಟು. ಎಚ್ ತಿರುಪನ್ನು ಒಳಕ್ಕೆ ತಿರುಗಿಸಿದಾಗ ಎಂಜಿನು ಕಿರಿಚುವ ತೆಳುದನಿಯಿಂದ ಬಹು ವೇಗವಾಗಿ ಓಡುವುದನ್ನು ಕಂಡು ಅನೇಕರು ಶಕ್ತಿ ಹೆಚ್ಚಿತೆಂದು ಸಂತೋಷಪಡುವರು. ಅದು ಶಕ್ತಿಯಲ್ಲ, ಕೇಡಿನ ಮುನ್ಸೂಚನೆ. ಭಾರವಿಲ್ಲದೆ ಪೂರ್ಣವೇಗದಲ್ಲಿ ನಡೆಯುವಾಗ ಎಂಜಿನಿನ ದನಿಯು ಸ್ವಲ್ಪ ಒರಟಾಗಿ, ತೊದಲಿದಂತಿದ್ದು, ಹುಲ್ಲಿಗೆ ತಾಗಿಸಿದ ಕೂಡಲೆ ನಯವಾಗಬೇಕು. ಸುತ್ತುಗಳನ್ನು ಅಳೆಯುವ ಸಾಧನವಿಲ್ಲದವರು ಎಚ್ ತಿರುಪನ್ನು ಪುಸ್ತಕದಲ್ಲಿ ಹೇಳಿದ ಸ್ಥಾನದಲ್ಲಿಯೇ ಬಿಡುವುದು ಉತ್ತಮವು.

ಎಣ್ಣೆಯ ಪ್ರಮಾಣವನ್ನೂ ಪುಸ್ತಕದಂತೆಯೇ ಅಳೆಯಬೇಕು. ೫೦ಕ್ಕೆ ೧ ಎಂದಿದ್ದರೆ ಲೀಟರು ಪೆಟ್ರೋಲಿಗೆ ೨೦ ಮಿಲಿಲೀಟರು. ೨೫ಕ್ಕೆ ೧ ಎಂದಿದ್ದರೆ ೪೦ ಮಿಲಿಲೀಟರು. ಅಂದಾಜಿನಿಂದ ಮುಚ್ಚಳದಲ್ಲಿ ಸುರಿಯುವ ರೂಢಿಯನ್ನು ಬಿಡತಕ್ಕದ್ದು.

ಎತ್ತರದ ಪ್ರಭಾವ

ಎತ್ತರದ ಸ್ಥಳಗಳಲ್ಲಿ ಗಾಳಿಯು ವಿರಳವಾದುದರಿಂದ ಎಂಜಿನಿನ ಶಕ್ತಿಯು ೩೦೦ ಮೀಟರಿಗೆ ಸುಮಾರು ಶೇಕಡ ಮೂರೂವರೆಯಂತೆ ತಗ್ಗುವುದು. ಈ ನಾಲ್ಕು ತಾಲ್ಲೂಕುಗಳ ಬಯಲು ಬಹುಮಟ್ಟಿಗೆ ಸಮುದ್ರಮಟ್ಟದಿಂದ ೬೦೦ ರಿಂದ ೯೫೦ ಮೀಟರುಗಳ ಎತ್ತರದಲ್ಲಿರುವುದು. ಆದುದರಿಂದ ಇಲ್ಲಿ ನಡೆಯುವ ಎಂಜಿನು ಪೆಟ್ಟಿಗೆಯ ಮೇಲೆ ಬರೆದ ಶಕ್ತಿಗಿಂತ ಶೇಕಡ ಏಳರಿಂದ ಹನ್ನೊಂದರಷ್ಟು ಕಡಿಮೆ ಶಕ್ತಿಯನ್ನು ಕೊಡುವುದು ಸ್ವಾಭಾವಿಕವು. ಅದು ಕಾರ್ಬ್ಯುರೇಟರಿನ ದೋಷವಲ್ಲ. ಎತ್ತರಕ್ಕಾಗಿ ಬೇರೆ ಜೆಟ್ಟನ್ನು ಹಾಕಬೇಕೆಂದು ಯಂತ್ರದ ಪುಸ್ತಕಗಳು ಸಾಮಾನ್ಯವಾಗಿ ಹೇಳುವುದು ೧೫೦೦ ಮೀಟರಿಗೆ ಮೇಲ್ಪಟ್ಟ ಸ್ಥಳಗಳಿಗೆ. ಸಾವನದುರ್ಗದ ನೆತ್ತಿಯೂ ಅಷ್ಟು ಎತ್ತರವಿಲ್ಲ. ಮಾಗಡಿಯ ರೈತನಾಗಲಿ ಕನಕಪುರದ ರೈತನಾಗಲಿ ಈ ಕಾರಣಕ್ಕಾಗಿ ಜೆಟ್ಟನ್ನು ಬದಲಾಯಿಸುವ ಅಗತ್ಯವಿಲ್ಲ.

ಹಂಗಾಮು ಮುಗಿದ ಮೇಲೆ

ಮೇಲೆ ಹೇಳಿದ ದೋಷಗಳಲ್ಲಿ ಬಹುಪಾಲನ್ನು ಹಂಗಾಮಿನ ಕಡೆಯ ದಿನದ ಅರ್ಧ ಗಂಟೆಯ ಕೆಲಸದಿಂದ ತಡೆಯಬಹುದು. ಒಂದು ತಿಂಗಳಿಗಿಂತ ಹೆಚ್ಚು ಕಾಲ ಯಂತ್ರವು ನಿಲ್ಲುವುದಾದರೆ—

೧. ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ತೆಗೆಯುವುದು. ಎಣ್ಣೆ ಬೆರೆಸದ, ತಿಳಿಯಾದ ಪೆಟ್ರೋಲಾದರೆ ಅದನ್ನು ಕೂಡಲೆ ಮೋಟಾರು ಸೈಕಲಿಗೆ ಉಪಯೋಗಿಸಬಹುದು.

೨. ಉಳಿದ ಪೆಟ್ರೋಲು ಮುಗಿದು ತಾನಾಗಿ ನಿಲ್ಲುವವರೆಗೆ ಎಂಜಿನನ್ನು ಮಂದ ವೇಗದಲ್ಲಿ, ಭಾರವಿಲ್ಲದೆ ನಡೆಸುವುದು. ಆಮೇಲೆ ಬಟ್ಟಲಿನ ತಳದ ಬೋಲ್ಟನ್ನು ಸಡಿಲಿಸಿ ಕಡೆಯ ತೊಟ್ಟನ್ನೂ ಇಳಿಸುವುದು.

೩. ಪ್ಲಗ್ಗಿನ ರಂಧ್ರದಲ್ಲಿ ಒಂದು ಚಮಚ ಎಂಜಿನ್ ಎಣ್ಣೆಯನ್ನು ಹಾಕಿ, ಹಗ್ಗವನ್ನು ಮೆಲ್ಲಗೆ ಎರಡು ಸಾರಿ ಎಳೆದು, ಪ್ಲಗ್ಗನ್ನು ಪುನಃ ಹಾಕುವುದು.

೪. ಏರ್ ಫಿಲ್ಟರನ್ನು ಶುಚಿಮಾಡಿ, ಯಂತ್ರವನ್ನು ಬಟ್ಟೆಯಿಂದ ಮುಚ್ಚಿ, ತೇವವಿಲ್ಲದ ಕಡೆ ಇಡುವುದು. ಗೊಬ್ಬರದ ಚೀಲಗಳ ಬಳಿ ಇಡಕೂಡದು. ಉಪ್ಪಿನ ಗುಣದ ಗೊಬ್ಬರಗಳು ಲೋಹಕ್ಕೆ ತುಕ್ಕು ಹಿಡಿಸುವುವು.

೫. ಮುಂದಿನ ಹಂಗಾಮಿಗೆ ಹದಿನೈದು ದಿನ ಮುಂಚೆಯೇ, ಅಂದರೆ ಮಾವಿನ ಹೂ ಹೊರಡುವ ಮೊದಲು, ಹೊಸ ಪೆಟ್ರೋಲು ಹಾಕಿ ಒಮ್ಮೆ ನಡೆಸಿ ನೋಡುವುದು. ದೋಷವಿದ್ದರೆ ಸರಿಪಡಿಸಲು ಆಗ ಅವಕಾಶವಿರುವುದು.

ಪೆಟ್ರೋಲನ್ನು ಬೇಕಾದಷ್ಟೇ ಕೊಳ್ಳುವುದೂ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಇಟ್ಟು ಒಂದು ತಿಂಗಳೊಳಗೆ ಮುಗಿಸುವುದೂ ಮಿತವ್ಯಯದ ಮಾರ್ಗವು.

ಎತ್ತುಗಳನ್ನು ದುಡಿಮೆಯ ದಿನಗಳಲ್ಲಿ ಮಾತ್ರ ಮೇಯಿಸಿ ಉಳಿದ ದಿನಗಳಲ್ಲಿ ಮರೆತುಬಿಡುವ ರೈತನು ಈ ಸೀಮೆಯಲ್ಲಿ ಯಾರೂ ಇಲ್ಲ. ಎಂಜಿನಿಗೆ ಮೇವು ಬೇಡವಾದರೂ ಬಿಡುವಿನ ತಿಂಗಳುಗಳಲ್ಲಿ ಅದಕ್ಕೂ ಅಷ್ಟಿಷ್ಟು ಆರೈಕೆಯು ಬೇಕು. ಅರ್ಧ ಗಂಟೆಯ ಆ ಆರೈಕೆಯನ್ನು ಉಳಿಸಿಕೊಂಡವನು, ಹೂವು ನೆರೆದು ನಿಂತ ತೋಪಿನಲ್ಲಿ ಹಗ್ಗವನ್ನು ಎಳೆಯುತ್ತ ಇಡೀ ಬೆಳಗನ್ನು ಕಳೆಯಬೇಕಾಗುವುದು. ರೈತಬಾಂಧವರು ತಮ್ಮ ಯಂತ್ರದ ತಿರುಪಿನ ಸುತ್ತುಗಳ ಲೆಕ್ಕವನ್ನೂ ಎಣ್ಣೆಯ ಪ್ರಮಾಣವನ್ನೂ ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಟ್ಟುಕೊಂಡು, ಮೇಲಣ ಕ್ರಮವನ್ನು ಅನುಸರಿಸಿ, ಸಕಾಲದಲ್ಲಿ ಕೆಲಸವನ್ನು ಮುಗಿಸಿಕೊಳ್ಳುವರೆಂದು ಆಶಿಸಲಾಗಿದೆ.